ಬೈಯುವವರಿಲ್ಲದ ಮನೆ

ಹಾಲವ್ವನ ಬಾಯಿಗೆ ಮುಲುಂಡಿನ ಗುಡ್ಡದ ಕೆಳಗಿನ ಚಾಳಿನಲ್ಲಿ ಒಂದು ಕಾಲಕ್ಕೆ ದೊಡ್ಡ ಹೆಸರಿತ್ತು. ನಳದ ಸಾಲಿನಲ್ಲಿ ಅವಳ ಕೊಡವನ್ನು ಹಿಂದೆ ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಯಾದಗಿರಿ ಕಡೆಯಿಂದ ಗಂಡ ಮರೆಪ್ಪನ ಬೆನ್ನು ಹತ್ತಿ ಬಂದು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು, ಕೂಲಿಗಳ ಮೇಲಿನ ಮುಕಾದಮ ಹಿಂದಿಯಲ್ಲಿ ಒಂದು ಬೈದರೆ ಕನ್ನಡದಲ್ಲಿ ಎರಡು ತಿರುಗಿಸಿ ಕೊಟ್ಟ ಹೆಂಗಸು. ಮುಕಾದಮನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಿಳಿಯುತ್ತಿತ್ತು. ಬೈಗುಳಕ್ಕೆ ದುಭಾಷಿ ಬೇಕಾಗುವುದಿಲ್ಲ.

ಅವಳ ಬಾಯಲ್ಲಿದ್ದ ಒಂದು ಬೈಗುಳ ಮಾತ್ರ ಜಗಳದಲ್ಲಿ ಕಲಿತದ್ದಲ್ಲ, ಭಯದಲ್ಲಿ ಕಲಿತದ್ದು. ಹಾಲವ್ವ ಮೂರು ಕೂಸು ಹಡೆದಿದ್ದಳು. ಮೂರೂ ತೊಟ್ಟಿಲಲ್ಲೇ ಕಣ್ಣು ಮುಚ್ಚಿದ್ದವು. ಮೂರೂ ಚೆಲುವ ಕೂಸುಗಳು, ಕಂಡವರೆಲ್ಲ ಬಾಯಿತುಂಬ ಹೊಗಳಿದ್ದರು. ನಾಲ್ಕನೆಯವನಾಗಿ ಗುರುಪಾದ ಹುಟ್ಟಿದಾಗ ಪಕ್ಕದ ಖೋಲಿಯ ಮುದುಕಿ ಮಲ್ಲವ್ವ ಬಾಣಂತಿಯ ಹತ್ತಿರ ಕೂತು ಹೇಳಿದಳು.

"ಮುದ್ದು ಮಾಡಿದ್ದಕ್ಕ ಕಣ್ಣು ಹತ್ತತಾವ ಹಾಲವ್ವ. ಹೊಲಸಿನ ಮ್ಯಾಲ ಯಾರ ಕಣ್ಣೂ ನಿಲ್ಲೂದಿಲ್ಲ, ಜವರಾಯಂದೂ ನಿಲ್ಲೂದಿಲ್ಲ. ಇದಕ್ಕ ಚಂದನ್ನ ಹೆಸರು ಹಿಡದು ಕರೀಬ್ಯಾಡ. ಬಾಯಿಗೆ ಬಂದ ಹೊಲಸು ಹಚ್ಚಿ ಕರಿ. ಮನಿ ಹೆಣ್ಣಮಕ್ಕಳೇ ಕರೀಬೇಕು ಮತ್ತ, ಗಂಡಸರು ಕರದ್ರ ಅದು ಬರೇ ಬೈಗಳ ಆಕ್ಕೇತಿ."

ಮಾರನೆಯ ದಿನದಿಂದ ಹಾಲವ್ವ ಮಗನನ್ನು ಸೂಳಿಮಗನ ಎಂದೇ ಕರೆದಳು. ಹೆತ್ತವಳೇ ಆ ಮಾತಾಡಿದರೆ ಅದು ಯಾರಿಗೆ ಹತ್ತುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹತ್ತಲಿ, ಕೂಸಿಗೆ ಮತ್ತೇನೂ ಹತ್ತದಿದ್ದರೆ ಸಾಕು ಅಂದುಕೊಂಡಳು. ಹಾಲು ಕುಡಿಸುವಾಗ ಅದೇ, ಜೋಗುಳಕ್ಕೂ ಅದೇ. ಗುರುಪಾದ ಉಳಿದ. ಬೆಳೆದು ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಸೂಪರ್‌ವೈಸರ್ ಆದ, ಸೊಸೈಟಿಯ ಬಿಲ್ಡಿಂಗಿನಲ್ಲಿ ಫ್ಲ್ಯಾಟ್ ಹಿಡಿದ, ಕನ್ನಡ ಶಾಲೆಯ ಮಾಸ್ತರರ ಮಗಳು ಅನುರಾಧಾಳನ್ನು ಮದುವೆಯಾದ. ಮಗನ ಮದುವೆಯ ದಿನ ಹಾಲವ್ವ ಆ ಮಾತನ್ನು ನಿಲ್ಲಿಸಿದಳು. ಇನ್ನು ಅವನನ್ನು ಕಾಯಲು ಬೇರೊಬ್ಬಳು ಬಂದಳಲ್ಲ ಎಂಬುದು ಅವಳ ಲೆಕ್ಕ.

ಬಂದವಳ ತವರಿನಲ್ಲಿ 'ಕತ್ತೆ' ಅಂದರೂ ಮಕ್ಕಳ ಬಾಯಿ ತೊಳೆಸುತ್ತಿದ್ದರಂತೆ. ಅಂಥ ಸೊಸೆಗೆ ಇಂಥ ಅತ್ತೆ. ಆದರೂ ಇಬ್ಬರ ನಡುವೆ ಮೊದಮೊದಲು ಜಗಳವಿರಲಿಲ್ಲ, ಏಕೆಂದರೆ ಅನುರಾಧಾಳ ಎರಡು ಬಸಿರೂ ನಿಲ್ಲಲಿಲ್ಲ, ಮತ್ತು ಆ ದುಃಖ ಏನೆಂದು ಮನೆಯಲ್ಲಿ ತಿಳಿದಿದ್ದವಳು ಹಾಲವ್ವ ಒಬ್ಬಳೇ. ಮೂರನೆಯದು ನಿಂತು, ಆಸ್ಪತ್ರೆಯಲ್ಲಿ ಗಂಡು ಕೂಸು ಅತ್ತಾಗ, ಹಾಲವ್ವ ಬಗ್ಗಿ ಅದರ ಕಿವಿಯಲ್ಲಿ ಮೊಟ್ಟಮೊದಲು ಉಸುರಿದ್ದು ಆ ಹಳೆಯ ಬೈಗುಳವನ್ನೇ. ಮಂಚದ ಮೇಲಿದ್ದ ಅನುರಾಧಾ ಕಣ್ಣೀರಿನಲ್ಲೇ ನಕ್ಕುಬಿಟ್ಟಳು. ಆ ನಗುವನ್ನು ಹಾಲವ್ವ ಒಪ್ಪಿಗೆ ಎಂದು ತಿಳಿದಳು. ಕೂಸಿಗೆ ಅಥರ್ವ ಎಂದು ಹೆಸರಿಟ್ಟರು. ಆ ಹೆಸರು ಅಜ್ಜಿಯ ನಾಲಿಗೆಯಲ್ಲಿ ಹೊರಳಲಿಲ್ಲ, ಹೊರಳುವ ಅಗತ್ಯವೂ ಬೀಳಲಿಲ್ಲ.

ಹುಡುಗ ಶಾಲೆಗೆ ಹೋಗತೊಡಗಿದ ಮೇಲೆ ಮನೆಯ ಕಿವಿ ಸೂಕ್ಷ್ಮವಾಯಿತು. ಅನುರಾಧಾ ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರ್. ಗುರುಪಾದ ಸೈಟಿನವರ ಜೊತೆ ಫೋನಿನಲ್ಲಿ ಅಪ್ಪನ ಕಾಲದ ಮುಕಾದಮನನ್ನೂ ಮೀರಿಸುವ ಹಾಗೆ ಮಾತಾಡುತ್ತಿದ್ದ, ಆದರೆ ಬಾಗಿಲ ಹೊರಗೆ ನಿಂತು. ಒಳಗೆ ಬಂದರೆ ಬಾಯಲ್ಲಿ ಬೆಣ್ಣೆ. ಲಿಫ್ಟಿನಲ್ಲಿ ಕಾಲೇಜು ಹುಡುಗಿಯರು ಇಂಗ್ಲಿಷಿನಲ್ಲಿ ಒಬ್ಬರಿಗೊಬ್ಬರು ಬೈದುಕೊಳ್ಳುತ್ತ ಬಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಷ್ಟೇಕೆ, ಹಾಲು ಉಕ್ಕಿದರೆ ಅನುರಾಧಾಳೇ 'ಶಿಟ್' ಅನ್ನುತ್ತಿದ್ದಳು. ಹಾಲವ್ವ ಒಮ್ಮೆ ಮಗನನ್ನು ಅದರ ಅರ್ಥ ಕೇಳಿದಳು. ಅವನು ಹೇಳಿದ ಮೇಲೆ ಸೆರಗು ಬಾಯಿಗಿಟ್ಟು ನಕ್ಕಳು.

"ಹಾಲಿನ ಮುಂದ ನಿಂತು ಅದನ್ನ ಅಂತಾಳಲ್ಲೋ. ನಾ ಅದನ್ನೇ ನಮ್ಮ ಮಾತಿನಾಗ ಅಂದ್ರ ಊಟಾ ಬಿಟ್ಟು ಏಳತಾಳ."

ಇಂಗ್ಲಿಷಿನಲ್ಲಿ ಹೇಸಿಗೆಗೂ ವಾಸನೆ ಇರುವುದಿಲ್ಲ. ಅದು ಬಿಲ್ಡಿಂಗಿನ ಅಲಿಖಿತ ಕಾನೂನು.

ಬೆಂಕಿ ಹತ್ತಿದ್ದು ಒಂದು ಹುಟ್ಟುಹಬ್ಬದಲ್ಲಿ. ಏಳನೆಯ ಮಾಳಿಗೆಯ ಲಾವಣ್ಯಾ ಉಡುಪಿ ಕಡೆಯವಳು. ಗಂಡನ ಮನೆಯವರದು ಸಾಂತಾಕ್ರೂಜಿನಲ್ಲಿ ಹೋಟೆಲು. ಅವಳ ಮಗಳಿಗೆ ವರ್ಷ ತುಂಬಿತೆಂದು ಸೊಸೈಟಿಯ ಸಭಾಂಗಣದಲ್ಲಿ ಬಲೂನು ಕಟ್ಟಿ ಕೇಕು ಇಟ್ಟಿದ್ದರು. ಬಂದವರೆಲ್ಲ ಕೂಸಿನ ಗಲ್ಲ ಹಿಂಡಿ "ಕ್ಯೂಟ್, ಸೋ ಕ್ಯೂಟ್" ಅನ್ನುವವರೇ. ಅಥರ್ವ ಒಂದು ಮೂಲೆಯಲ್ಲಿ ನಿಂತು ಇದನ್ನೆಲ್ಲ ಕೇಳಿದ. ಅವನ ಮುಖ ಸಣ್ಣದಾಯಿತು. ಕೊನೆಗೆ ತಡೆಯಲಾರದೆ ಮಂದಿಯ ನಡುವೆ ನುಗ್ಗಿ, ಕೂಸಿನ ಗಲ್ಲ ಹಿಡಿದು, ಅಜ್ಜಿಯದೇ ಧಾಟಿಯಲ್ಲಿ, ಅಜ್ಜಿಯಷ್ಟೇ ಅಕ್ಕರೆಯಿಂದ, "ಎಷ್ಟ್ ಹೊಲಸ ಅದೀ ನೀ, ಸೂಳಿಮಗಳ" ಎಂದು ಗಟ್ಟಿಯಾಗಿ ಹೇಳಿದ. ಗುಜರಾತಿಗಳೂ ಮರಾಠಿಗಳೂ ಇದೇನೋ ಹಾರೈಕೆಯ ಹಾಡಿರಬೇಕೆಂದು ಚಪ್ಪಾಳೆ ತಟ್ಟಿದರು. ಲಾವಣ್ಯಾಳ ಕೈಯಲ್ಲಿದ್ದ ಕೇಕಿನ ತಟ್ಟೆ ಹಾಗೇ ನಿಂತಿತು.

ಅವಳು ಕೂಗಾಡಲಿಲ್ಲ. ಅನುರಾಧಾಳನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದಳು. "ನಿಮ್ಮ ಮಗ ಒಳ್ಳೆಯವನೇ, ನಂಗೆ ಗೊತ್ತುಂಟು. ಆದ್ರೆ ಅವ ಹೇಳಿದ್ದು ನಂಗೆ ಅರ್ಥ ಆಯ್ತಲ್ಲ ಮಾರಾಯ್ರೆ. ಮನೆಯಲ್ಲಿ ಯಾರು ಹೀಗೆ ಮಾತಾಡುವುದು?"

ಕೂಗಾಡಿದ್ದರೆ ಒಳ್ಳೆಯದಿತ್ತು. ಅನುರಾಧಾ ಮನೆಗೆ ಬರುವಾಗ ಅವಳ ಕಿವಿಗಳು ಕೆಂಪಾಗಿದ್ದವು. ಯಾಕೆ ಹಾಗೆ ಅಂದೆ ಎಂದು ಮಗನನ್ನು ಕೇಳಿದಳು. ಅವನಿಗೆ ತಾನು ಮಾಡಿದ ತಪ್ಪು ಗೊತ್ತೇ ಇರಲಿಲ್ಲ.

"ಸಬ್ ಲೋಗ್ ಕ್ಯೂಟ್ ಕ್ಯೂಟ್ ಅಂತಿದ್ರು ಮಮ್ಮಿ. ಬೇಬಿಗೆ ಕಣ್ಣು ಹತ್ತುತ್ತೆ ನಾ? ಅದಕ್ಕೆ ತೋ ಅಜ್ಜಿ ಭೀ ಇಲ್ಲ."

ಹಾಲವ್ವನಿಗೆ ಮೊಮ್ಮಗನನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಸೊಸೆಯ ಮುಖ ನೋಡಿ ಕೂತಲ್ಲೇ ಕೂತಳು.

"ಅತ್ತಿ," ಅಂದಳು ಅನುರಾಧಾ. "ನೀವು ಇವಗ ಆ ಮಾತು ಅಂದಾಗೆಲ್ಲ ಅದು ಯಾರಿಗೆ ಹತ್ತತದ, ಗೊತ್ತದ ಏನು? ಹಡದಾಕಿಗೆ ಹತ್ತತದ. ನನಗ ಹತ್ತತದ. ಇಷ್ಟು ವರ್ಷ ನಿಮ್ಮ ಬಾಯಾಗ ನಾ ಏನಾಗೀನಿ, ನೀವೇ ಹೇಳ್ರಿ."

ಹಾಲವ್ವ ಮಗನಿಗೆ ಅಂದಾಗ ಅದು ಅವಳಿಗೇ ಹತ್ತಿತ್ತು, ಅವಳು ಒಪ್ಪಿ ಹಚ್ಚಿಕೊಂಡಿದ್ದಳು. ಮೊಮ್ಮಗನಿಗೆ ಅಂದಾಗ ಅದು ಹೋಗಿ ಕೂತದ್ದು ಸೊಸೆಯ ಮೇಲೆ. ಅವಳನ್ನು ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಮುದುಕಿಯ ಕತ್ತು ಕೆಳಗಾಯಿತು.

ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅನುರಾಧಾ ಸಿಟ್ಟಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಅವಳಿಗೆ ಆಣೆ ಪ್ರಮಾಣಗಳಲ್ಲಿ ನಂಬಿಕೆ ಇರಲಿಲ್ಲ. ಅತ್ತೆಗೆ ಇದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಮಗನನ್ನು ಎಳೆದು ಅತ್ತೆಯ ಮುಂದೆ ನಿಲ್ಲಿಸಿ, ಮುದುಕಿಯ ಬಲಗೈ ಹಿಡಿದು ಅವನ ತಲೆಯ ಮೇಲೆ ಇಟ್ಟಳು.

"ಆಣಿ ಮಾಡ್ರಿ. ಇನ್ನ ಮ್ಯಾಲ ಹೊಲಸು ಮಾತು ಬಾಯಾಗ ತಗಿಯೂದಿಲ್ಲಂತ."

"ಕೂಸಿನ ತಲಿ ಮ್ಯಾಲ ಬ್ಯಾಡ ಅನೂ. ನನ್ನ ತಲಿ ಮ್ಯಾಲ ಮಾಡ್ತೀನಿ."

"ನಿಮ್ಮ ತಲಿ ಮ್ಯಾಲ ಮಾಡಿದ್ದು ನಾಳಿಗೆ ಮರೀತೀರಿ."

ಹಾಲವ್ವ ಮಗನ ಕಡೆ ನೋಡಿದಳು. ಗುರುಪಾದ ಟಿವಿಯ ರಿಮೋಟಿನಲ್ಲಿ ಏನನ್ನೋ ಹುಡುಕುತ್ತಿದ್ದ. ಮುದುಕಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊಮ್ಮಗನ ಬೆಚ್ಚಗಿನ ತಲೆಯ ಮೇಲೆ ಕೈಯಿಟ್ಟುಕೊಂಡು ಹಾಲವ್ವ ಆಣೆ ಮಾಡಿದಳು.

ಮರುದಿನ ಅನುರಾಧಾ ಮಗನಿಗೂ ನಿಯಮ ಹೇಳಿಕೊಟ್ಟಳು. ಬಾಯಿ ತಪ್ಪಿ ಕೆಟ್ಟ ಮಾತು ಬಂದರೆ ಕೂಡಲೇ ಸಾರಿ ಅನ್ನಬೇಕು. ಸಾರಿ ಅಂದರೆ ಆ ಮಾತು ಪಾಟಿಯ ಮೇಲಿನ ಅಕ್ಷರದ ಹಾಗೆ ಅಳಿಸಿ ಹೋಗುತ್ತದೆ, ಆಡಿಯೇ ಇಲ್ಲದಂತಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳುವುದನ್ನೇ ಮನೆಯಲ್ಲೂ ಹೇಳಿದಳು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹಾಲವ್ವ ಅದನ್ನು ಕೇಳಿಸಿಕೊಂಡಳು, ನಂಬಿದಳು. ಆಣೆಗೆ ಅಷ್ಟು ಬಲವಿದ್ದರೆ ಸಾರಿಗೂ ಸ್ವಲ್ಪ ಇರಬೇಕಲ್ಲ.

ಅಂದಿನಿಂದ ಹಾಲವ್ವ ಹೆದರಿಕೊಂಡೇ ಬದುಕಿದಳು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಮುಂಜಾನೆ ಹುಡುಗ ಯೂನಿಫಾರ್ಮು ಹಾಕಿ ಲಿಫ್ಟಿನಲ್ಲಿ ನಿಂತರೆ ಯಾರಾದರೊಬ್ಬರು "ಕಿತ್ನಾ ಸ್ಮಾರ್ಟ್ ಹೋ ಗಯಾ" ಅನ್ನುತ್ತಿದ್ದರು. ಮೊದಲಾದರೆ ಅವರ ಮಾತು ಮುಗಿಯುವುದರೊಳಗೆ ಹಾಲವ್ವ ಒಂದು ಹೊಲಸನ್ನು ಮೇಲೆ ಒಗೆದು ಅದನ್ನು ಮುಚ್ಚಿಬಿಡುತ್ತಿದ್ದಳು. ಈಗ ಆ ಹೊಗಳಿಕೆ ಹುಡುಗನ ಮೇಲೆ ಹಾಗೇ ತೆರೆದು ಬಿದ್ದಿರುತ್ತಿತ್ತು. ಅವಳು ಕಿವಿಯ ಹಿಂದೆ ಕಾಡಿಗೆ ಇಟ್ಟಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದಳು, ಘಾಟಿಗೆ ಅನುರಾಧಾ ಕೆಮ್ಮಿದರೂ ಏನೂ ಅನ್ನಲಿಲ್ಲ. ಉಪ್ಪು ಮೆಣಸಿನಕಾಯಿ ನೆರೆಹೊರೆಯ ಕಣ್ಣಿಗೆ ಸಾಕಾಗಬಹುದು. ತನ್ನ ಮೂರು ಕೂಸುಗಳನ್ನು ಒಯ್ದ ಕಣ್ಣು ಅಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಹುಡುಗನೂ ಬದಲಾದ. ಅಜ್ಜಿಯ ಹಿಂದೆ ಮುಂದೆ ಸುಳಿದು, ಬೇಕೆಂದೇ ನೀರು ಚೆಲ್ಲಿ, ಅವಳ ಬಾಯಿಂದ ಏನಾದರೂ ಬರುತ್ತದೆಯೇ ಎಂದು ಕಾಯುತ್ತಿದ್ದ. ಹಾಲವ್ವ ಬಗ್ಗಿ ನೀರು ಒರೆಸಿ "ಹೋಗಪ್ಪಾ, ಆಡ್ಕೋ ಹೋಗು" ಅನ್ನುತ್ತಿದ್ದಳು.

"ಅಜ್ಜಿ, ಸಿಟ್ಟು ಹೈ ಕ್ಯಾ ನನ್ನ ಮೇಲೆ?" ಎಂದು ಒಮ್ಮೆ ಕೇಳಿದ.

"ಇಲ್ಲಪ್ಪಾ," ಅಂದಳು. ಆ 'ಅಪ್ಪಾ' ಇಬ್ಬರಿಗೂ ಪರಕೀಯವಾಗಿ ಕೇಳಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ಗುರುಪಾದ ಲಿಫ್ಟಿನ ಕೆಲಸಕ್ಕೆಂದು ನಾಸಿಕಕ್ಕೆ ಹೋಗಿದ್ದ. ಅನುರಾಧಾ ಸಿರಪ್ಪು ಕುಡಿಸಿದಳು, ಜ್ವರ ಇಳಿದು ಮತ್ತೆ ಏರಿತು. ಹುಡುಗ ಕಣ್ಣಿನ ಹಿಂದೆ ನೋವು ಅಂದ, ಕಾಲು ನೋವು ಅಂದ, ವಾಂತಿ ಮಾಡಿದ. ಡಾಕ್ಟರು ರಕ್ತ ನೋಡಿ ಡೆಂಗಿ ಎಂದು ಹೇಳಿ, ಕೂಡಲೇ ಆಸ್ಪತ್ರೆಗೆ ಸೇರಿಸಿ ಅಂದರು. ಸೊಸೈಟಿಯ ಹೂಕುಂಡಗಳ ತಟ್ಟೆಗಳಲ್ಲಿ ನೀರು ನಿಂತಿತ್ತು, ಬಿಲ್ಡಿಂಗಿನಲ್ಲಿ ಆಗಲೇ ಮೂವರಿಗೆ ಬಂದಿತ್ತು ಎಂಬುದನ್ನೆಲ್ಲ ಅನುರಾಧಾ ಹೇಳಿದಳು. ಹಾಲವ್ವ ತಲೆಯಾಡಿಸಿದಳು. ಸೊಳ್ಳೆ ಕಚ್ಚಿದ್ದು ನಿಜವಿರಬಹುದು. ಯಾರ ಕೂಸನ್ನು ಕಚ್ಚಬೇಕೆಂದು ಸೊಳ್ಳೆಗೆ ಹೇಳಿಕೊಟ್ಟವರು ಯಾರು ಎಂಬುದು ಅವಳ ಪ್ರಶ್ನೆ.

ರಿಕ್ಷಾದಲ್ಲಿ ಹುಡುಗ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಿದ್ದ, ಕಾಲು ಅಮ್ಮನ ಮಡಿಲಲ್ಲಿ. ಎಲ್.ಬಿ.ಎಸ್. ರಸ್ತೆಯ ಹೊಂಡಗಳಲ್ಲಿ ರಿಕ್ಷಾ ಎತ್ತಿ ಕುಕ್ಕುವಾಗಲೆಲ್ಲ ನರಳುತ್ತಿದ್ದ. ನಡುವೆ ಕಣ್ಣು ತೆರೆದು ಅಜ್ಜಿಯ ಗಲ್ಲ ಮುಟ್ಟಿದ.

"ಅಜ್ಜಿ, ನನಗೆ ಕಣ್ಣು ಹತ್ತಿದೆ ಕ್ಯಾ?"

ಹುಡುಗ ಉತ್ತರಕ್ಕೆ ಕಾಯುತ್ತಿದ್ದ. "ಇಲ್ಲಪ್ಪಾ" ಎಂದು ಹಾಲವ್ವ ಮತ್ತೆ ಅಂದಳು, ಅವನು ನಂಬಲಿಲ್ಲ. ಅನುರಾಧಾ ಮುಖ ಹೊರಗೆ ತಿರುಗಿಸಿಕೊಂಡು ಕೂತಳು. ಅವಳು ಕೇಳಿಸಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಹುಡುಗನನ್ನು ಮೊದಲು ವಾರ್ಡಿಗೆ, ಮರುದಿನ ಮುಂಜಾನೆ ಐಸಿಯುಗೆ ಒಯ್ದರು. ರಕ್ತದಲ್ಲಿ ಏನೋ ಇಳಿಯುತ್ತಿದೆ, ಹೊಟ್ಟೆಯಲ್ಲಿ ನೀರು ತುಂಬುತ್ತಿದೆ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದಳು. ಜ್ವರ ಬಿಟ್ಟಿದೆ, ಆದರೆ ಈ ಕಾಯಿಲೆಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯ, ಇವತ್ತು ನಾಳೆ ದಾಟಬೇಕು ಅಂದಳು. ಜ್ವರ ಬಿಟ್ಟ ಮೇಲೆಯೇ ಅಪಾಯವೆಂಬ ಮಾತು ಹಾಲವ್ವನಿಗೆ ತೀರ ಪರಿಚಯದ್ದು. ಅವಳ ಎರಡನೆಯ ಕೂಸು ನಗುನಗುತ್ತಲೇ ಹೋಗಿತ್ತು.

ಗುರುಪಾದ ನಾಸಿಕದಿಂದ ಹೊರಟಿದ್ದ. ಕಸಾರಾ ಘಾಟಿನಲ್ಲಿ ಗುಡ್ಡ ಕುಸಿದು ಗಾಡಿಗಳು ನಿಂತಿದ್ದವು. ಅವನು ಅಲ್ಲಿಂದ ಮತ್ತೆ ಮತ್ತೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದ, ಅನುರಾಧಾ ಒಂದೇ ಉತ್ತರ ಕೊಡುತ್ತಿದ್ದಳು.

ಐಸಿಯು ಹೊರಗಿನ ಬೆಂಚಿನಲ್ಲಿ ಅತ್ತೆ ಸೊಸೆ ಇಬ್ಬರೇ. ಹಾಲವ್ವ ಸೊಸೆಯ ಮುಂಗೈ ಹಿಡಿದಳು.

"ಅನೂ, ಅವನ ಮ್ಯಾಲ ಏನೂ ಮುಚ್ಚಿಗಿ ಇಲ್ಲವಾ. ಬಯಲಾಗ ಮಲಗ್ಯಾನ."

ಅನುರಾಧಾಳಿಗೆ ತಿಳಿಯಿತು. ದಣಿದ ಕಣ್ಣು ಮುಚ್ಚಿಕೊಂಡಳು. "ಬೈರಿ ಅತ್ತಿ. ಒಳಗ ಬಿಟ್ಟಾಗ ಹೋಗಿ ಎಷ್ಟು ಬೇಕೋ ಅಷ್ಟು ಬೈರಿ. ನಾ ಏನೂ ಅನ್ನೂದಿಲ್ಲ. ಆಣಿನೂ ಇಲ್ಲ, ಏನೂ ಇಲ್ಲ. ನಾ ಬಿಟ್ಟೀನಿ ನಿಮ್ಮನ್ನ."

"ತಲಿ ಮುಟ್ಟಿ ಮಾಡಿದ್ದು ಬಾಯಿಲೆ ಬಿಟ್ರ ಬಿಡೂದಿಲ್ಲ. ನಾ ಬಾಯಿ ತಗದ್ರ ಆಣಿ ಮುರದು ಅವನ ತಲಿ ಮ್ಯಾಲೇ ಬೀಳತೇತಿ. ತಗಿಲಿಲ್ಲಂದ್ರ ಆ ಕಣ್ಣು ಬಂದು ಒಯ್ತೇತಿ." ಹಾಲವ್ವನ ದನಿ ಕುಸಿಯಿತು. "ನನ್ನ ಎರಡೂ ಕಡಿ ಕಟ್ಟಿ ಹಾಕೀದಿ ಅನೂ. ನೀ ಆಣಿ ಮಾಡಿಲ್ಲ. ನೀ ಹಡದಾಕಿ. ನೀ ಒಂದ್ ಸಲ ಅನ್ನು."

"ಏನನ್ನಲಿ?"

"ಅದನ್ನೇ."

ಅನುರಾಧಾ ಕೈ ಬಿಡಿಸಿಕೊಂಡು ಎದ್ದಳು. "ನನ್ನ ಮಗ ಒಳಗ ಹಿಂಗ ಬಿದ್ದಾನ, ನೀವು ನನ್ನ ಬಾಯಿಲೆ ನನಗೇ ಸೂಳಿ ಅನಸ್ತೀರಿ? ಇದರಿಂದ ಅವಗ ರಕ್ತ ಏರತದ ಏನು?" ಎಂದವಳು ಮಾತು ಮುಗಿಸದೆ ಕಾರಿಡಾರಿನ ಆ ತುದಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಹಾಲವ್ವ ಕರೆಯಲಿಲ್ಲ. ಸೊಸೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಾಸ್ತರರ ಮಗಳು. ಬೇರೆಯವರ ಬಾಯಲ್ಲೇ ಸಹಿಸದ ಮಾತನ್ನು ತನ್ನ ಬಾಯಲ್ಲಿ ಹೇಗೆ ತಂದಾಳು? ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಇಲ್ಲಿ ಮುಚ್ಚಿದರೆ ಪ್ರಾಣಗೇಡು. ಮಲ್ಲವ್ವ ಬದುಕಿದ್ದರೆ ಕೇಳಬಹುದಿತ್ತು. ಅವಳು ಸತ್ತು, ಅವಳ ಖೋಲಿಯೂ ಬಿದ್ದು, ಅಲ್ಲೊಂದು ಟವರು ಎದ್ದು ಎಷ್ಟೋ ವರ್ಷವಾಗಿತ್ತು.

ಮಧ್ಯಾಹ್ನ ನೋಡಲು ಬಿಡುವ ಹೊತ್ತಾಯಿತು. ಅನುರಾಧಾಳನ್ನು ಔಷಧಿ ತರಲು ಕೆಳಗೆ ಕಳಿಸಿದ್ದರಿಂದ ನರ್ಸು ಹಾಲವ್ವನನ್ನು ಮೊದಲು ಒಳಗೆ ಬಿಟ್ಟಳು. ಚಪ್ಪಲಿ ಬಿಟ್ಟು ನೀಲಿ ಗೌನು ಹಾಕಿಕೊಂಡು ಹಾಲವ್ವ ಮಂಚದ ಬಳಿ ನಿಂತಳು. ಹುಡುಗನ ಮುಖ ಊದಿತ್ತು. ತುಟಿಗಳು ಒಡೆದಿದ್ದವು, ಒಸಡಿನ ಅಂಚಿನಲ್ಲಿ ರಕ್ತ ಕರೆಗಟ್ಟಿತ್ತು. ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು. ತಲೆಯ ಹತ್ತಿರದ ಯಂತ್ರ ಗುಬ್ಬಿಯ ಹಾಗೆ ಒಂದೇ ಸಮನೆ ಚಿಲಿಗುಡುತ್ತಿತ್ತು. ಆ ಸದ್ದು ನಿಂತರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪಕ್ಕದ ಮಂಚದ ಮಗುವಿನ ತಾಯಿ ಈ ಕಡೆ ನೋಡಿ ಕನಿಕರದಿಂದ ಅಂದಳು. "ಕಿತ್ನಾ ಪ್ಯಾರಾ ಬಚ್ಚಾ ಹೈ."

ಈ ಹೊತ್ತಿನಲ್ಲಿ, ಈ ಜಾಗದಲ್ಲಿ, ಎಷ್ಟು ಮುದ್ದು ಕೂಸು ಎಂಬ ಹೊಗಳಿಕೆ. ಹಾಲವ್ವನ ಒಳಗಿಂದ ಬೈಗುಳ ತಾನಾಗಿ ಎದ್ದು ಬಂತು. ಗಂಟಲು ದಾಟಿ ನಾಲಿಗೆಯ ತುದಿಗೆ ಬಂದು ಹಲ್ಲಿಗೆ ಒತ್ತಿತು. ಒಂದೇ ಒಂದು ಸಲ ಅಂದುಬಿಡಲೇ? ಬಾಯಿ ತೆರೆದಳು. ಅಂಗೈಯಲ್ಲಿ ಆಣೆಯ ದಿನದ ಅವನ ತಲೆಯ ಬಿಸುಪು ನೆನಪಾಯಿತು. ಗಬಕ್ಕನೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಳು. ಕಣ್ಣಿನಿಂದ ನೀರು ಇಳಿಯಿತು, ಉಸಿರು ಕಟ್ಟಿತು, ಆದರೂ ಕಚ್ಚಿದ ಹಲ್ಲು ಸಡಿಲಿಸಲಿಲ್ಲ. ಸಡಿಲಿಸಿದರೆ ಮಾತು ಹೊರಬೀಳುತ್ತದೆ, ಹೊರಬಿದ್ದರೆ ಕೂಸು ಹೋಗುತ್ತದೆ.

ಅನುರಾಧಾ ಔಷಧಿಯ ಚೀಲ ಹಿಡಿದು ಒಳಗೆ ಬಂದಾಗ ಕಂಡದ್ದು ಇದು. ಚಾಳನ್ನೇ ನಡುಗಿಸಿದ ಹೆಂಗಸು, ಬಾಯಿತುಂಬ ಸೆರಗು ತುರುಕಿಕೊಂಡು, ಮಂಚದ ಸರಳು ಹಿಡಿದು, ಎಲೆಯ ಹಾಗೆ ನಡುಗುತ್ತ ನಿಂತಿದ್ದಳು. ಆ ಸೆರಗನ್ನು ಅಲ್ಲಿ ತುರುಕಿದ್ದು ತನ್ನ ಕೈಯೇ ಎಂದು ಅನುರಾಧಾಳಿಗೆ ಗೊತ್ತಾಯಿತು. ಅದು ಅವಳ ಮುಖದಲ್ಲಿ ಕಂಡಿತು. ಅವಳು ಅತ್ತೆಯ ಹತ್ತಿರ ಬಂದು ಸೆರಗನ್ನು ಮೆಲ್ಲಗೆ ಬಿಡಿಸಲು ನೋಡಿದಳು. ಹಾಲವ್ವ ಬಿಡಲಿಲ್ಲ, ತಲೆಯನ್ನು ಮಾತ್ರ ಜೋರಾಗಿ ಅಲ್ಲಾಡಿಸಿದಳು.

ಅನುರಾಧಾ ಮಗನ ಕಡೆ ತಿರುಗಿದಳು. ಎರಡು ಸಲ ತುಟಿ ಅಲುಗಿಸಿದಳು, ಸದ್ದು ಬರಲಿಲ್ಲ. ಅವಳಿಗೆ ಅತ್ತೆಯ ಜವರಾಯನ ಮೇಲೆ ಈಗಲೂ ನಂಬಿಕೆ ಬಂದಿರಲಿಲ್ಲ. ಆದರೆ ಭಯ ಬಂದಿತ್ತು, ಅದಕ್ಕೆ ನಂಬಿಕೆ ಬೇಕಾಗುವುದಿಲ್ಲ. ಮಂಚದ ಮೇಲೆ ಬಗ್ಗಿ, ಮಗನ ಕಿವಿಗೆ ಬಾಯಿ ಹಚ್ಚಿದಳು.

"ಏಳೋ," ಅಂದಳು. ಮತ್ತೆ ಅಂದಳು. "ಏಳೋ... ಸೂಳಿ... ಸೂಳಿಮಗನ."

ಹೊಸದಾಗಿ ಅಕ್ಷರ ಕಲಿಯುವವರ ಹಾಗೆ ಬಿಡಿಬಿಡಿಯಾಗಿ ಬಂತು. ಆದರೂ ಹಾಲವ್ವನಿಗೆ ಪೂರ್ತಿ ಕೇಳಿಸಿತು. ಸೆರಗು ಅವಳ ಬಾಯಿಂದ ತಾನಾಗಿ ಜಾರಿತು. ಕೇರಳದ ನರ್ಸು ಇದು ಯಾವುದೋ ಮಂತ್ರವೆಂದು ತಿಳಿದು, "ಆಸ್ತೇ ಬೋಲೋ, ಬಾಕಿ ಪೇಶಂಟ್ ಸೋ ರಹೇ ಹೈ" ಎಂದು ಮಲಗಿದವರ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿ, ತಾನೂ ಒಮ್ಮೆ ಕುತ್ತಿಗೆಯ ಶಿಲುಬೆ ಮುಟ್ಟಿಕೊಂಡು ಹೋದಳು.

ಯಂತ್ರ ಅದೇ ಸದ್ದು ಮಾಡುತ್ತಿತ್ತು. ಆಮೇಲೆ ಹುಡುಗನ ಊದಿದ ರೆಪ್ಪೆ ಒಂದಿಷ್ಟು ತೆರೆಯಿತು. ಅಮ್ಮನನ್ನು ನೋಡಿದ, ಅಜ್ಜಿಯನ್ನು ನೋಡಿದ, ಮತ್ತೆ ಅಮ್ಮನನ್ನು ನೋಡಿದ.

"ಮಮ್ಮಿ," ಅಂದ. ದನಿ ಕಾಗದದಷ್ಟು ತೆಳ್ಳಗಿತ್ತು. "ಬ್ಯಾಡ್ ವರ್ಡ್."

"ಹೂಂ," ಅಂದಳು ಅನುರಾಧಾ.

"ಸಾರಿ ಬೋಲೋ."

ಸಾರಿ ಅಂದರೆ ಈಗ ಹೊದಿಸಿದ ಬೈಗುಳವೂ ಅಳಿಸಿ ಹೋಗುತ್ತದೆ, ಆಡಿಯೇ ಇಲ್ಲದಂತಾಗುತ್ತದೆ. ಹಾಲವ್ವ ಬ್ಯಾಡ ಅನೂ ಅನ್ನಬೇಕೆಂದುಕೊಂಡಳು, ನಾಲಿಗೆ ಏಳಲಿಲ್ಲ. ಸೊಸೆ ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ಆ ಮಾತು ಕಲಿಸುತ್ತಾಳೋ, ಅವಳ ಬಾಯಿಗೆ ಅದು ಉಸಿರಿನಷ್ಟು ಸಲೀಸು. ಅನುರಾಧಾ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಆಮೇಲೆ ಅವಳು ಮಗನ ಒಡೆದ ತುಟಿಯ ಮೇಲಿನ ರಕ್ತವನ್ನು ಹೆಬ್ಬೆರಳಿನಿಂದ ಒರೆಸಿದಳು.

"ಅನ್ನೂದಿಲ್ಲ ಹೋಗೋ, ಸೂಳಿಮಗನ," ಅಂದಳು. ಈ ಸಲ ಮಾತು ಎಲ್ಲಿಯೂ ತಡೆಯಲಿಲ್ಲ.